ಮಾಡಿದವನೂ ಮಾಡಿಸಿದವನೂ

ಕನ್ನಡನಾಡಿನಲ್ಲಿ ಸಂಚರಿಸಿದವರು ಹಳೆಯ ಕೆರೆಗಳ ಏರಿಯ ಮೇಲೋ ತೂಬಿನ ಮಗ್ಗುಲಲ್ಲೋ ಶಾಸನಶಿಲೆಗಳು ನಿಂತಿರುವುದನ್ನು ಕಂಡಿರುತ್ತಾರೆ. ಇಂಥ ಅರಸನು ರಾಜ್ಯವಾಳುತ್ತಿದ್ದಾಗ ಇಂಥ ಅಧಿಕಾರಿಯು ಈ ಕೆರೆಯನ್ನು ಕಟ್ಟಿಸಿದನೆಂದು ಆ ಕಲ್ಲು ಸಾರುತ್ತದೆ. ಮಣ್ಣು ಹೊತ್ತವರ ಹೆಸರು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಗುದ್ದಲಿಯನ್ನು ಕೈಯಿಂದ ಮುಟ್ಟದವನಿಗೆ ಕೆರೆಯ ಕೀರ್ತಿ ಸಂದಿತೆಂದು ಆಕ್ಷೇಪಿಸುವವರೂ ಇಲ್ಲ. ‘ಕಟ್ಟು’ ಎಂಬ ಧಾತುವಿಗೆ ‘ಇಸು’ ಎಂಬ ಪ್ರತ್ಯಯವೊಂದು ಸೇರಿದರೆ ಸಾಕು, ಸಾವಿರ ಜನರ ಶ್ರಮವು ಒಬ್ಬನ ಹೆಸರಿಗೆ ಸಲ್ಲುತ್ತದೆ. ಆದರೆ ಅದೇ ಕೆರೆಯು ಒಂದು ಮಳೆಗಾಲದ ರಾತ್ರಿ ಒಡೆದುಹೋಗಲಿ. ಆಗ ಆ ಪ್ರತ್ಯಯವು ಹುಡುಕಿದರೂ ಸಿಕ್ಕದು. ‘ಒಡೆಯಿಸಿದನು’ ಎಂದು ಯಾರೂ ನುಡಿಯರು. ಕೆರೆಯು ತಾನಾಗಿ ಒಡೆಯಿತು. ಇಲ್ಲವೆ, ನೀರುಗಂಟಿಯು ನಿದ್ರೆಹೋದನು.

ಭಾಷೆಯಲ್ಲಿ ಕಾಣುವ ಈ ಪಕ್ಷಪಾತವು ಲೋಕವ್ಯವಹಾರದಿಂದಲೇ ಬಂದುದು. ಒಬ್ಬನು ಹಲವರನ್ನು ನಿಯೋಜಿಸಿ ಕೆಲಸ ನಡೆಯಿಸುವ ಸ್ಥಾನಗಳು ಎಷ್ಟೋ ಉಂಟು. ಪಾಠಶಾಲೆಯ ಮುಖ್ಯೋಪಾಧ್ಯಾಯರು, ಸಹಕಾರ ಸಂಘದ ಅಧ್ಯಕ್ಷರು, ಕಾರ್ಖಾನೆಯ ಮೇಲ್ವಿಚಾರಕರು, ಆಸ್ಪತ್ರೆಯ ಹಿರಿಯ ವೈದ್ಯರು, ಕೊನೆಗೆ ಮದುವೆಯ ಅಡಿಗೆಗೆ ನಿಂತ ಮುಖ್ಯ ಬಾಣಸಿಗನು ಸಹ ಈ ವರ್ಗಕ್ಕೆ ಸೇರಿದವರೇ. ಇವರ ಕೈಕೆಳಗಿನವನೊಬ್ಬನು ತಪ್ಪಿದಾಗ ಇವರು ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆಯನ್ನು ಜನರು ಬಹುಮಟ್ಟಿಗೆ ಸ್ವಭಾವದ ಪ್ರಶ್ನೆಯೆಂದು ಬಗೆಯುತ್ತಾರೆ. ಮೃದುಸ್ವಭಾವದವರು ಕ್ಷಮಿಸುವರು, ಕೋಪಿಷ್ಠರು ಗದರಿಸುವರು ಎಂಬಲ್ಲಿಗೆ ವಿಚಾರವು ಮುಗಿದುಹೋಗುತ್ತದೆ. ಆದರೆ ಕೋಪವೋ ದಯೆಯೋ ಎಂಬುದು ಎರಡನೆಯ ಮಾತು. ತಪ್ಪಿನ ಕರ್ತೃ ಯಾರು ಎಂಬುದು ಮೊದಲನೆಯದು. ಅದನ್ನು ನಿರ್ಣಯಿಸದೆ ಹೋದರೆ ದಯೆಯೂ ಅಹಂಕಾರದ ಒಂದು ಬಗೆಯಾಗಿ ಪರಿಣಮಿಸಬಹುದು. ತನ್ನದೂ ಪಾಲಿರುವ ತಪ್ಪನ್ನು ಪರರ ತಪ್ಪೆಂದು ಭಾವಿಸಿ ‘ಕ್ಷಮಿಸಿದ್ದೇನೆ, ಹೋಗು’ ಎನ್ನುವವನಿಗೆ ಬೇರೆ ಹೆಸರು ಯಾವುದು?

ಈ ಕರ್ತೃವಿಚಾರದಲ್ಲಿ ವ್ಯಾಕರಣಶಾಸ್ತ್ರವು ಧರ್ಮಶಾಸ್ತ್ರಕ್ಕಿಂತಲೂ ನಿಷ್ಠುರವಾಗಿ ಮಾತನಾಡುತ್ತದೆ. ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃವೆಂದು ಪಾಣಿನಿಯು ಹೇಳಿ ಅಷ್ಟಕ್ಕೆ ನಿಲ್ಲಿಸಲಿಲ್ಲ. ಆ ಸ್ವತಂತ್ರನನ್ನು ಪ್ರೇರಿಸುವವನಿಗೆ ಹೇತುವೆಂಬ ಹೆಸರನ್ನು ಕೊಟ್ಟು, ಅವನಿಗೂ ಕರ್ತೃಸಂಜ್ಞೆಯುಂಟೆಂದು ಮರುಸೂತ್ರದಲ್ಲಿಯೇ ವಿಧಿಸಿದನು. ದೇವದತ್ತನು ಅನ್ನವನ್ನು ಬೇಯಿಸುತ್ತಾನೆ. ಯಜ್ಞದತ್ತನು ದೇವದತ್ತನಿಂದ ಬೇಯಿಸುವ ಕೆಲಸವನ್ನು ಮಾಡಿಸುತ್ತಾನೆ. ಮೊದಲನೆಯವನು ಪ್ರಯೋಜ್ಯಕರ್ತೃ, ಎರಡನೆಯವನು ಪ್ರಯೋಜಕಕರ್ತೃ. ಇಲ್ಲಿ ಗಮನಿಸತಕ್ಕುದೇನೆಂದರೆ, ಪ್ರೇರಕನು ಬಂದ ಮಾತ್ರಕ್ಕೆ ಮಾಡುವವನ ಸ್ವಾತಂತ್ರ್ಯವು ಅಳಿದುಹೋಗುವುದಿಲ್ಲ. ಮಾಡುವವನಿದ್ದಾನೆಂಬ ಕಾರಣದಿಂದ ಪ್ರೇರಕನ ಕರ್ತೃತ್ವವೂ ತಪ್ಪುವುದಿಲ್ಲ. ಅನ್ನವು ಹದವಾಗಿ ಬೆಂದರೂ ಇಬ್ಬರೂ ಕರ್ತೃಗಳು, ಸೀದುಹೋದರೂ ಇಬ್ಬರೂ ಕರ್ತೃಗಳು. ಫಲವು ಚೆನ್ನಾಗಿದ್ದರೆ ಮಾತ್ರ ಪ್ರೇರಕನಿಗೆ ಈ ಸಂಜ್ಞೆಯು ಅನ್ವಯಿಸತಕ್ಕುದೆಂದು ವೈಯಾಕರಣರು ಯಾರೂ ಷರತ್ತನ್ನು ಹಾಕಿಲ್ಲ. ಆ ಷರತ್ತು ಕಚೇರಿಗಳಲ್ಲಿ ಹುಟ್ಟಿದುದು.

ಇನ್ನು ತಪ್ಪುಗಳೆಲ್ಲವೂ ಒಂದೇ ಜಾತಿಯವಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಈ ವಿಷಯದಲ್ಲಿ ಬಹಳ ಸೂಕ್ಷ್ಮವಾದ ಮಾತುಗಳನ್ನು ಒಳಗೊಂಡಿದೆ. ಕೌಟಿಲ್ಯನು ಕರುಣಾಳುವೆಂದು ಹೆಸರಾದವನಲ್ಲ. ಅಧಿಕಾರಿಗಳು ಬೊಕ್ಕಸದ ಹಣವನ್ನು ನುಂಗುವ 40 ಉಪಾಯಗಳನ್ನು ಎಣಿಸಿ ಬರೆದಿಟ್ಟವನು ಅವನು. ಹಾಗಿದ್ದರೂ ರಾಜಾದಾಯಕ್ಕೆ ಅಧಿಕಾರಿಯಿಂದ ನಷ್ಟವಾದಾಗ ಅವನು ಮೊದಲು ಕೇಳುವುದು ನಷ್ಟದ ಮೊತ್ತವನ್ನಲ್ಲ, ಅದರ ಮೂಲವನ್ನು. ಅಜ್ಞಾನ, ಆಲಸ್ಯ, ಪ್ರಮಾದ, ಭಯ, ಕಾಮ, ಕೋಪ, ದರ್ಪ, ಲೋಭ ಎಂದು ಎಂಟು ಮೂಲಗಳನ್ನು ಅವನು ಹೇಳುತ್ತಾನೆ. ಕೆಲಸದ ಕ್ರಮವನ್ನೂ ವಾಡಿಕೆಯನ್ನೂ ತಿಳಿಯದವನು ಅಜ್ಞಾನದಿಂದ ಕೆಡಿಸುತ್ತಾನೆ. ತೂಕ ಅಳತೆ ಲೆಕ್ಕಗಳಲ್ಲಿ ಕೈಯಾಡಿಸುವವನು ಲೋಭದಿಂದ ಕೆಡಿಸುತ್ತಾನೆ. ನಷ್ಟವು ಎರಡು ಕಡೆಯೂ ನೂರು ಪಣವೇ ಆಗಿರಬಹುದು. ಆದರೂ ಎರಡೂ ಒಂದಲ್ಲ.

ಇದಕ್ಕೆ ದಂಡವೇನೆಂಬಲ್ಲಿ ಹಿಂದಿನ ಆಚಾರ್ಯರ ಮತಗಳನ್ನು ಅವನು ಸಾಲಾಗಿ ಉದಾಹರಿಸುತ್ತಾನೆ. ಮಾನವರು ಎಂಟು ಮೂಲಗಳ ಅನುಕ್ರಮದಲ್ಲಿ ದಂಡವು ಒಂದೊಂದು ಮಡಿ ಏರಬೇಕೆಂದರು. ಪಾರಾಶರರು ಎಲ್ಲದಕ್ಕೂ ಎಂಟುಮಡಿ, ಬಾರ್ಹಸ್ಪತ್ಯರು ಹತ್ತುಮಡಿ, ಔಶನಸರು ಇಪ್ಪತ್ತುಮಡಿ ಎಂದರು. ಕೇವಲ ಮೊತ್ತವನ್ನು ಹಿಗ್ಗಿಸುವ ಈ ಸ್ಪರ್ಧೆಯನ್ನು ಕಂಡು ಕೌಟಿಲ್ಯನಿಗೆ ನಗೆ ಬಂದಿರಲೂ ಸಾಕು. ಅವನ ನಿರ್ಣಯವು ಚಿಕ್ಕದು: ಅಪರಾಧವಿದ್ದಂತೆ ದಂಡ. ಇಂದಿನ ಸಂಸ್ಥೆಗಳಲ್ಲಿಯೂ ಪಾರಾಶರರು ಔಶನಸರು ಇದ್ದೇ ಇದ್ದಾರೆ. ತಪ್ಪೆಂದರೆ ತಪ್ಪು, ಎಲ್ಲರಿಗೂ ಒಂದೇ ನಿಯಮ ಎಂದು ಮೇಜು ಕುಟ್ಟುವವರು ಸಮತೆಯನ್ನು ಪಾಲಿಸುತ್ತೇವೆಂದು ತಿಳಿದಿರುತ್ತಾರೆ. ಅಜ್ಞಾನಿಯನ್ನೂ ಲೋಭಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಮತೆಯಲ್ಲ, ವಿಚಾರದ ಆಲಸ್ಯ. ಅದೂ ಆ ಎಂಟರಲ್ಲಿ ಸೇರಿದುದೇ ಎಂಬುದನ್ನು ಮರೆಯಲಾಗದು.

ಆ ಪಟ್ಟಿಯಲ್ಲಿ ಭಯವೂ ಒಂದೆಂಬುದು ವಿಶೇಷವಾಗಿ ಚಿಂತನೀಯವಾದುದು. ಭಯವು ತಪ್ಪನ್ನು ತಡೆಯುವ ಔಷಧವೆಂಬುದು ಲೋಕದ ನಂಬಿಕೆ. ಅದು ತಪ್ಪಿನ ಮೂಲಗಳಲ್ಲೊಂದೆಂದು ಈ ಕಠೋರನಾದ ನೀತಿಜ್ಞನು ಎಣಿಸಿದ್ದಾನೆ. ಜನರ ಕೂಗಿಗೆ, ಅಧರ್ಮಕ್ಕೆ, ಅನರ್ಥಕ್ಕೆ ಅಂಜುವ ಅಧಿಕಾರಿಯ ಭಯವನ್ನು ಅವನು ಅಲ್ಲಿ ಹೇಳಿರುವುದು ನಿಜ. ಯಜಮಾನನಿಗೆ ಅಂಜುವವನ ವಿಷಯದಲ್ಲಿಯೂ ಅದು ಬೇರೆಯಾಗಿಲ್ಲ. ವೇದಪಾಠಶಾಲೆಗಳಲ್ಲಿ ಹತ್ತಾರು ವಿದ್ಯಾರ್ಥಿಗಳು ಒಟ್ಟಿಗೆ ಸಂತೆ ಹೇಳುವುದನ್ನು ಕೇಳಿದವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಉಪಾಧ್ಯಾಯರು ಬೆತ್ತದವರಾಗಿದ್ದರೆ, ಸ್ವರದಲ್ಲಿ ಸಂಶಯವಿರುವ ಹುಡುಗನು ಆ ಪದವು ಸಮೀಪಿಸಿದ ಕೂಡಲೆ ದನಿಯನ್ನು ತಗ್ಗಿಸಿ, ತುಟಿಯನ್ನು ಮಾತ್ರ ಅಲ್ಲಾಡಿಸಿ, ಪದವು ದಾಟಿದೊಡನೆ ಮತ್ತೆ ಎತ್ತರದ ದನಿಯಲ್ಲಿ ಸೇರಿಕೊಳ್ಳುತ್ತಾನೆ. ಗುಂಪಿನ ಘೋಷದಲ್ಲಿ ಅವನ ತಪ್ಪು ಕೇಳಿಸುವುದೇ ಇಲ್ಲ. ಉಪಾಧ್ಯಾಯರಿಗೆ ತಮ್ಮ ಶಾಲೆಯಲ್ಲಿ ಅಪಸ್ವರವೇ ಇಲ್ಲವೆಂಬ ತೃಪ್ತಿ. ಹುಡುಗನಿಗೆ ಹನ್ನೆರಡು ವರ್ಷ ಕಳೆದರೂ ಆ ಸ್ವರವು ಬಾರದು. ಬೆತ್ತವು ತಪ್ಪನ್ನು ಕೊಲ್ಲಲಿಲ್ಲ, ಅದರ ಶಬ್ದವನ್ನು ಮಾತ್ರ ಕೊಂದಿತು. ಸಂಸ್ಥೆಯ ಯಜಮಾನನಿಗೆ ಬರತಕ್ಕ ಅತ್ಯಂತ ದೊಡ್ಡ ವಿಪತ್ತು ಇದೇ: ಅವನ ಕಿವಿಗೆ ತಪ್ಪು ಬೀಳದಂತಾಗುವುದು.

ಕಿವಿಗೆ ಬೀಳದ ತಪ್ಪು ಏನು ಮಾಡಬಲ್ಲದೆಂಬುದಕ್ಕೆ ಅಮೇರಿಕ ದೇಶದ ವಿಮಾನಯಾನದ ಇತಿಹಾಸದಲ್ಲಿ ಒಂದು ದಾರುಣವಾದ ನಿದರ್ಶನವಿದೆ. 1974ರ ಡಿಸೆಂಬರ್ 1ರಂದು ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನವೊಂದು ವಾಷಿಂಗ್‌ಟನ್ನಿನ ಸಮೀಪದ ಡಲಸ್ ನಿಲ್ದಾಣಕ್ಕೆ ಇಳಿಯಲು ಬರುತ್ತಿರುವಾಗ, ನೆಲದಿಂದ ಬಂದ ಅನುಮತಿಯ ಅರ್ಥವನ್ನು ಚಾಲಕರು ಒಂದು ವಿಧವಾಗಿಯೂ ನಿಯಂತ್ರಕರು ಇನ್ನೊಂದು ವಿಧವಾಗಿಯೂ ಗ್ರಹಿಸಿದ್ದರಿಂದ, ಬೇಗನೆ ಕೆಳಗಿಳಿದು ವರ್ಜೀನಿಯದ ಬೆಟ್ಟವೊಂದಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 92 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅದಕ್ಕೆ ಕೇವಲ ಆರು ವಾರಗಳ ಹಿಂದೆ ಇನ್ನೊಂದು ಸಂಸ್ಥೆಯ ವಿಮಾನವು ಇದೇ ಮಾರ್ಗದಲ್ಲಿ, ಇದೇ ತಪ್ಪು ಗ್ರಹಿಕೆಯಿಂದ, ಅದೇ ಬೆಟ್ಟವನ್ನು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದ್ದಿತೆಂಬುದು ಅನಂತರದ ವಿಚಾರಣೆಯಲ್ಲಿ ಹೊರಬಿತ್ತು. ಆ ಸಂಸ್ಥೆಯು ತನ್ನ ಚಾಲಕರಿಗೆ ಎಚ್ಚರಿಕೆಯನ್ನು ಕೊಟ್ಟಿತ್ತು. ಬೇರೆಯವರಿಗೆ ಅದು ತಲಪಲಿಲ್ಲ. ಒಬ್ಬನ ತಪ್ಪು ಇನ್ನೊಬ್ಬನಿಗೆ ಪಾಠವಾಗುವ ಮಾರ್ಗವೇ ಇರಲಿಲ್ಲ.

ಆ ಮೇಲೆ ಅಲ್ಲಿನ ವಿಮಾನಯಾನ ಇಲಾಖೆಯು ಚಾಲಕರು ತಮ್ಮ ತಪ್ಪುಗಳನ್ನು ತಾವೇ ಬಂದು ತಿಳಿಸಬೇಕೆಂದು 1975ರಲ್ಲಿ ಒಂದು ಏರ್ಪಾಡು ಮಾಡಿತು. ಆದರೆ ಶಿಕ್ಷೆ ವಿಧಿಸುವ ಕೈಯಲ್ಲಿಯೇ ತಪ್ಪೊಪ್ಪಿಗೆಯ ಪತ್ರವನ್ನು ಇಡಲು ಯಾರಿಗೆ ಧೈರ್ಯ ಬಂದೀತು? ಇದನ್ನರಿತು, ಯಾರಿಗೂ ಶಿಕ್ಷೆ ಕೊಡುವ ಅಧಿಕಾರವಿಲ್ಲದ ನಾಸಾ ಸಂಸ್ಥೆಗೆ 1976ರಲ್ಲಿ ಆ ಕೆಲಸವನ್ನು ಒಪ್ಪಿಸಿದರು. ಪತ್ರ ಬಂದೊಡನೆ ವಿಚಾರಿಸಬೇಕಾದುದನ್ನು ವಿಚಾರಿಸಿ, ಬರೆದವನ ಹೆಸರನ್ನು ಅಳಿಸಿ, ಅದರಲ್ಲಿರುವ ಪಾಠವನ್ನು ಮಾತ್ರ ಎಲ್ಲರಿಗೂ ಹಂಚುವುದು ಅಲ್ಲಿನ ಪದ್ಧತಿ. ತಪ್ಪಿದವನು ಹತ್ತು ದಿನಗಳೊಳಗೆ ತಿಳಿಸಿದ್ದರೆ, ತಪ್ಪು ಬುದ್ಧಿಪೂರ್ವಕವಾದುದಲ್ಲದಿದ್ದರೆ, ಅದರಲ್ಲಿ ಅಪಘಾತವಾಗಲಿ ಪಾತಕವಾಗಲಿ ಸೇರಿಲ್ಲದಿದ್ದರೆ, ಹಿಂದಿನ ಐದು ವರ್ಷಗಳಲ್ಲಿ ಉಲ್ಲಂಘನೆಯ ದೋಷವು ಅವನ ಮೇಲೆ ಸಿದ್ಧವಾಗಿಲ್ಲದಿದ್ದರೆ, ಅವನಿಗೆ ಶಿಕ್ಷೆಯಿಲ್ಲ. ತಪ್ಪಾಯಿತೆಂಬ ನಿರ್ಣಯವು ದಾಖಲೆಯಲ್ಲಿ ಇರಬಹುದು; ದಂಡವನ್ನು ಮಾತ್ರ ಹೇರುವುದಿಲ್ಲ. ಪರದೇಶದ ಈ ನಿಯಮವನ್ನು ಓದುವ ಸಂಸ್ಕೃತಜ್ಞನಿಗೆ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ನೆನಪಾಗದೆ ಇರದು. ತಿಳಿಯದೆ ಮಾಡಿದುದು ಬೇರೆ, ತಿಳಿದು ಮಾಡಿದುದು ಬೇರೆ ಎಂಬ ವಿಭಾಗವೂ, ಮಾಡಿದುದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದೇ ಪಾಪನಿವೃತ್ತಿಯ ಸಾಧನಗಳಲ್ಲಿ ಒಂದೆಂಬ ಮಾತೂ ಅಲ್ಲಿವೆ. ಪ್ರಾಯಶ್ಚಿತ್ತವೂ ದಂಡವೂ ಒಂದೇ ಅಲ್ಲವೆಂಬ ವಿವೇಕವು ಸ್ಮೃತಿಕಾರರಿಗಿದ್ದಿತು.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಶಿಕ್ಷೆಯಿಲ್ಲವೆಂದು ತಿಳಿದರೆ ಕೆಲಸಗಾರನು ಸಡಿಲನಾಗುವುದಿಲ್ಲವೆ? ದಾಕ್ಷಿಣ್ಯದ ಯಜಮಾನನ ಕಚೇರಿಯಲ್ಲಿ ಕಡತಗಳು ಧೂಳು ಹಿಡಿಯುವುದನ್ನು ಯಾರು ಕಂಡಿಲ್ಲ? ಈ ಆಕ್ಷೇಪವು ಹಗುರವಾದುದಲ್ಲ. ಆದರೆ ಅದು ತಿದ್ದುವುದನ್ನೂ ದಂಡಿಸುವುದನ್ನೂ ಒಂದಾಗಿ ಎಣಿಸುತ್ತದೆ. ಒಂದು ಸ್ವರವೂ ತಪ್ಪಕೂಡದೆಂಬ ಹಟವು ವೇದಾಧ್ಯಾಯಿಗಳಷ್ಟು ಮತ್ತಾರಿಗೂ ಇದ್ದಂತಿಲ್ಲ. ಆದರೆ ಆ ಹಟವನ್ನು ಅವರು ಬೆತ್ತದ ಮೇಲೆ ನಿಲ್ಲಿಸಲಿಲ್ಲ. ಸಂಹಿತೆಯನ್ನು ಪದಗಳಾಗಿ ಬಿಡಿಸಿದರು. ಪದಗಳನ್ನು ಎರಡೆರಡಾಗಿ ಕಟ್ಟಿ ಕ್ರಮಪಾಠವನ್ನು ಮಾಡಿದರು. ಅವನ್ನು ಹಿಂದುಮುಂದಾಗಿ ಹೆಣೆದು ಜಟೆ, ಮಾಲೆ, ಶಿಖೆ ಮೊದಲಾಗಿ ಘನದವರೆಗೆ ಎಂಟು ವಿಕೃತಿಗಳನ್ನು ಕಲ್ಪಿಸಿದರು. ಒಂದು ಪಾಠದಲ್ಲಿ ನುಸುಳಿದ ತಪ್ಪು ಇನ್ನೊಂದು ಪಾಠದಲ್ಲಿ ತಾನಾಗಿಯೇ ಸಿಕ್ಕಿಬೀಳುವಂತೆ ಈ ಏರ್ಪಾಡು. ಮನುಷ್ಯನು ಮರೆಯುತ್ತಾನೆಂಬುದನ್ನು ಅವರು ಒಪ್ಪಿಕೊಂಡೇ ಹೊರಟರು. ಮರೆವನ್ನು ಶಪಿಸುತ್ತ ಕೂರಲಿಲ್ಲ. ತಪ್ಪಿದ ಹುಡುಗನಿಗೆ ಆ ಪನಸೆಯನ್ನು ಹತ್ತು ಸಲ ಹೇಳಿಸುವುದು ಕಠಿನವೇ ಹೌದು, ಅವಮಾನವಲ್ಲ.

ಜಪಾನಿನ ಟೊಯೊಟಾ ಕಾರ್ಖಾನೆಗಳಲ್ಲಿ ಇದಕ್ಕೆ ಸಮಾನವಾದ ಒಂದು ಪದ್ಧತಿಯುಂಟು. ಸಾಲಿನಲ್ಲಿ ನಿಂತ ಯಾವ ಕೆಲಸಗಾರನಾದರೂ ದೋಷವನ್ನು ಕಂಡೊಡನೆ ಹಗ್ಗವನ್ನೆಳೆದು ಸಹಾಯವನ್ನು ಕರೆಯಬಹುದು. ದೋಷವು ಪರಿಹಾರವಾಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಹಗ್ಗವನ್ನು ಎಳೆದವನಿಗೆ ಬೈಗುಳು ಸಿಕ್ಕಿದ ಮೊದಲ ದಿನವೇ ಆ ಹಗ್ಗವು ಅಲಂಕಾರದ ವಸ್ತುವಾಗಿಬಿಡುವುದು. ಆದುದರಿಂದ ಯಜಮಾನನ ಬಾಯಿಂದ ಬರುವ ಮೊದಲನೆಯ ಮಾತಿಗೆ ಬಹಳ ಬೆಲೆಯುಂಟು. ಗುಮಾಸ್ತನೊಬ್ಬನು ಬಂದು ಬಾಗಿಲಲ್ಲಿ ನಿಂತು, “ಸ್ವಾಮೀ, ಲೆಕ್ಕದಲ್ಲಿ ಒಂದು ತಪ್ಪು ಬಿದ್ದುಹೋಗಿದೆ” ಎನ್ನುತ್ತಾನೆ. “ಯಾರಯ್ಯ ಮಾಡಿದವನು?” ಎಂದು ಕೇಳುವುದು ಒಂದು ರೀತಿ, “ಎಲ್ಲಿ, ಆ ಪುಟವನ್ನು ಇತ್ತ ತನ್ನಿ” ಎನ್ನುವುದು ಇನ್ನೊಂದು. ಮೊದಲನೆಯ ಪ್ರಶ್ನೆಯನ್ನು ಕೇಳಿದವರ ಬಾಗಿಲಿಗೆ ಆ ಗುಮಾಸ್ತನು ಮತ್ತೆ ಬರುವುದು ಸಂಶಯ.

ಇನ್ನು, ಒಳಗೆ ತಿದ್ದುವ ಯಜಮಾನನು ಹೊರಗಿನ ಲೋಕಕ್ಕೆ ಏನು ಹೇಳಬೇಕು? ಇದಕ್ಕೆ ಶ್ರೀಹರಿಕೋಟೆಯಲ್ಲಿ 1979ರ ಆಗಸ್ಟ್ 10ರಂದು ನಡೆದುದಕ್ಕಿಂತ ಒಳ್ಳೆಯ ದೃಷ್ಟಾಂತವು ಸುಲಭವಾಗಿ ದೊರೆಯದು. ಉಪಗ್ರಹವನ್ನು ಕಕ್ಷೆಗೆ ಒಯ್ಯುವುದಕ್ಕಾಗಿ ಭಾರತೀಯರೇ ನಿರ್ಮಿಸಿದ ಎಸ್.ಎಲ್.ವಿ.-3 ಎಂಬ ವಾಹನವು ಅಂದು ಮೊದಲ ಸಲ ಮೇಲೇರಿತು. ಅದು ನಾಲ್ಕು ಹಂತಗಳದು, 22 ಮೀಟರು ಎತ್ತರದ್ದು, 17 ಟನ್ನು ತೂಕದ್ದು. ಯೋಜನೆಯ ನಿರ್ದೇಶಕರಾಗಿದ್ದವರು ಮುಂದೆ ರಾಷ್ಟ್ರಪತಿಗಳಾದ ಎ.ಪಿ.ಜೆ. ಅಬ್ದುಲ್ ಕಲಾಂ. ಹಾರುವುದಕ್ಕೆ ಕೆಲವೇ ನಿಮಿಷಗಳಿರುವಾಗ ಗಣಕಯಂತ್ರವು ತಡೆಯನ್ನು ಸೂಚಿಸಿತೆಂದೂ, ತಜ್ಞರ ಸಲಹೆಯನ್ನು ಕೇಳಿ ತಾವು ಆ ತಡೆಯನ್ನು ಮೀರಿ ಹಾರಿಸಲು ನಿಶ್ಚಯಿಸಿದರೆಂದೂ ಕಲಾಂ ಅವರೇ ಮುಂದೆ ಉಪನ್ಯಾಸಗಳಲ್ಲಿ ಹೇಳಿದ್ದಾರೆ. ಮೊದಲನೆಯ ಹಂತವು ಸರಿಯಾಗಿ ನಡೆಯಿತು. ಎರಡನೆಯದರ ನಿಯಂತ್ರಣ ವ್ಯವಸ್ಥೆಯಲ್ಲಿ ಕವಾಟವೊಂದು ಸಿಕ್ಕಿಕೊಂಡು ನೈಟ್ರಿಕ್ ಆಮ್ಲವು ಸೋರಿಹೋಗಿದ್ದ ಕಾರಣ, ವಾಹನವು ಹಿಡಿತ ತಪ್ಪಿ ಬಂಗಾಳ ಕೊಲ್ಲಿಯಲ್ಲಿ ಬಿದ್ದಿತು. ಹಲವು ವರ್ಷಗಳ ದುಡಿಮೆಯು ಕೆಲವೇ ನಿಮಿಷಗಳಲ್ಲಿ ನೀರುಪಾಲಾಯಿತು.

ಪತ್ರಿಕೆಯವರು ಕಾದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರೂ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರೂ ಆಗಿದ್ದ ಸತೀಶ ಧವನರು ಕಲಾಂ ಅವರನ್ನು ಮುಂದೆ ಬಿಡದೆ ತಾವೇ ಉತ್ತರಕ್ಕೆ ನಿಂತರು. ವಿಫಲತೆಯ ಹೊಣೆಯನ್ನು ಸಂಸ್ಥೆಯ ಮುಖ್ಯಸ್ಥರಾಗಿ ತಾವು ಹೊತ್ತರು. ತಮ್ಮ ತಂಡದ ಮೇಲೆ ತಮಗೆ ನಂಬಿಕೆಯಿದೆಯೆಂದೂ ಮುಂದಿನ ಪ್ರಯತ್ನವು ಫಲಿಸುವುದೆಂದೂ ಹೇಳಿದರು. 1980ರ ಜುಲೈ 18ರಂದು ಎರಡನೆಯ ವಾಹನವು 35 ಕಿಲೊಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಯಲ್ಲಿಟ್ಟಿತು. ಆಗಲೂ ಪತ್ರಿಕೆಯವರು ಕಾದಿದ್ದರು. ಈ ಸಲ ಧವನರು ತಾವು ಮುಂದೆ ನಿಲ್ಲದೆ ಕಲಾಂ ಅವರನ್ನೇ ಮಾತನಾಡಲು ಕಳುಹಿಸಿದರು. ಕಲಾಂ ಅವರು ಜೀವಮಾನವೆಲ್ಲ ಈ ಸಂಗತಿಯನ್ನು ಹೇಳುತ್ತಿದ್ದುದರಿಂದ ಅದು ಸರ್ವವಿದಿತವಾಗಿದೆ. ಕೇಳಿ ಕೇಳಿ ಸವೆದ ಕಥೆಯೆಂದು ಕೆಲವರು ಮೂಗು ಮುರಿಯಬಹುದು. ಆದರೆ ಇದನ್ನು ಔದಾರ್ಯದ ಕಥೆಯೆಂದು ಮೆಚ್ಚುವವರು ಒಂದು ಕಠಿನವಾದ ಪ್ರಶ್ನೆಯನ್ನು ದಾಟಿಹೋಗುತ್ತಾರೆ. ತಡೆಯನ್ನು ಮೀರಲು ನಿಶ್ಚಯಿಸಿದವರು ಒಬ್ಬರು. ಹೊಣೆ ತನ್ನದೆಂದವರು ಇನ್ನೊಬ್ಬರು. ಹಾಗಾದರೆ ಧವನರು ಆಡಿದುದು ಸತ್ಯವೆ? ಕರುಣೆಯಿಂದಲೇ ಆಗಲಿ, ಇಲ್ಲದ ಹೊಣೆಯನ್ನು ಹೊತ್ತುಕೊಳ್ಳುವುದು ಅನೃತವಲ್ಲವೆ?

ಸಮಾಧಾನವು ಮೇಲೆ ಹೇಳಿದ ಪ್ರಯೋಜಕಕರ್ತೃವಿನಲ್ಲಿದೆ. ನಿರ್ದೇಶಕರ ಕೈಗೆ ಯೋಜನೆಯನ್ನು ಒಪ್ಪಿಸಿದ ಸಂಸ್ಥೆಗೆ ಮುಖ್ಯಸ್ಥರು ಅವರು. ತಡೆಯನ್ನು ಮೀರುವ ಅಧಿಕಾರವು ಯಾರಿಗಿರಬೇಕು, ಯಾರಿಗಿರಬಾರದು ಎಂಬುದನ್ನು ಕಟ್ಟಕಡೆಗೆ ಕಟ್ಟುಮಾಡತಕ್ಕವರೂ ಅವರೇ. ಹೀಗಿರಲು ‘ಹೊಣೆ ನನ್ನದು’ ಎಂಬುದು ಅಲಂಕಾರದ ಮಾತಲ್ಲ, ವಸ್ತುಸ್ಥಿತಿ. ಆದರೆ ಪ್ರಯೋಜ್ಯನೂ ಕರ್ತೃವೇ ಎಂಬುದನ್ನು ಅವರು ಮರೆಯಿಸಲಿಲ್ಲ. ಒಳಗೆ ಪ್ರತಿಯೊಂದು ಕವಾಟದ, ಪ್ರತಿಯೊಂದು ನಿಶ್ಚಯದ ವಿಚಾರಣೆಯೂ ನಡೆಯಿತು. ಸೋರಿದುದು ಏನು, ಏಕೆ, ಯಾವಾಗ ಎಂಬುದು ಯಾರ ಮರ್ಯಾದೆಗಾಗಿಯೂ ಮುಚ್ಚಿಹೋಗಲಿಲ್ಲ. ಇನ್ನು, ಎರಡೂ ಕಡೆ ಕರ್ತೃವಾದವನಿಗೆ ಜಯದಲ್ಲಿಯೂ ಪಾಲುಂಟಲ್ಲವೆ, ಅದನ್ನೇಕೆ ಬಿಟ್ಟರು ಎಂದರೆ, ಅಲ್ಲಿ ಮಾತ್ರ ಔದಾರ್ಯವು ಪ್ರವೇಶಿಸುತ್ತದೆ. ಸಾಲದಲ್ಲಿ ತನ್ನ ಪಾಲನ್ನು ತೆರುವುದು ನ್ಯಾಯ. ಲಾಭದಲ್ಲಿ ತನ್ನ ಪಾಲನ್ನು ಬಿಡುವುದು ಇಚ್ಛೆ. 1979ರಲ್ಲಿ ಅವರು ಮಾಡಿದುದನ್ನು ಪ್ರತಿಯೊಬ್ಬ ಯಜಮಾನನಿಂದಲೂ ಕೇಳಿ ಪಡೆಯಬಹುದು. 1980ರಲ್ಲಿ ಮಾಡಿದುದನ್ನು ಕೇಳಲಾಗದು, ಕಂಡಾಗ ಕೈಮುಗಿಯಬಹುದು.

ಹೊಣೆ ಹೊರುವುದೆಂದರೆ ಪದವಿಯನ್ನು ಬಿಡುವುದೆಂದು ತಿಳಿಯುವವರುಂಟು. 1956ರ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ಪ್ರವಾಹದಿಂದ ಸೇತುವೆ ಕುಸಿದು ರೈಲುಗಾಡಿಯು ನದಿಗೆ ಬಿದ್ದಾಗ ರೈಲ್ವೆ ಮಂತ್ರಿಗಳಾಗಿದ್ದ ಲಾಲ್ ಬಹಾದೂರ್ ಶಾಸ್ತ್ರಿಗಳು ರಾಜೀನಾಮೆಯನ್ನಿತ್ತರು. ಅದೇ ವರ್ಷ ಮೆಹಬೂಬ್‌ನಗರದ ಅಪಘಾತವಾದಾಗಲೂ ಅವರು ಹಾಗೆ ಮಾಡಿದ್ದರು. ಆಗ ಸ್ವೀಕೃತವಾಗದ ರಾಜೀನಾಮೆಯು ಈ ಸಲ ಸ್ವೀಕೃತವಾಯಿತು. ಮಂತ್ರಿಗಳು ಸ್ವತಃ ತಪ್ಪಿತಸ್ಥರೆಂದಲ್ಲ, ರಾಜ್ಯಾಂಗದ ಮರ್ಯಾದೆಗೆ ಒಂದು ಮೇಲ್ಪಂಕ್ತಿಯಾಗಲೆಂದು ಅದನ್ನು ಸ್ವೀಕರಿಸಿದ್ದೇನೆಂದು ಪ್ರಧಾನಿ ನೆಹರೂ ಅವರು ತಿಳಿಸಿದರು. ಶಾಸ್ತ್ರಿಗಳ ನಡತೆಯು ಪ್ರಶಂಸನೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಬಿಟ್ಟುಹೋದವನು ಮುಂದಿನ ಸೇತುವೆಯನ್ನು ಪರೀಕ್ಷಿಸಲಾರನು; ನಿಂತು ತಿದ್ದುವ ಹೊಣೆಯು ಬಿಟ್ಟುಕೊಡುವ ಹೊಣೆಗಿಂತ ಭಾರವಾದುದು, ಅದಕ್ಕೆ ಚಪ್ಪಾಳೆಯೂ ಕಡಿಮೆ. ಇವೆರಡನ್ನೂ ಒಲ್ಲದವರು ಮೂರನೆಯ ಮಾರ್ಗವೊಂದನ್ನು ಕಂಡುಕೊಂಡಿದ್ದಾರೆ. ಅನಾಹುತವಾದ ಸಂಜೆಯೊಳಗಾಗಿ ಎಲ್ಲರಿಗಿಂತ ಕೆಳಗಿರುವ ನೌಕರನೊಬ್ಬನನ್ನು ಅಮಾನತಿನಲ್ಲಿಡುವುದೇ ಆ ಮಾರ್ಗ. ಕಾರಣವನ್ನು ಇನ್ನೂ ಹುಡುಕಿಲ್ಲ, ಕರ್ತೃವು ಮಾತ್ರ ಸಿಕ್ಕಿಬಿಟ್ಟಿರುತ್ತಾನೆ! ಯಜ್ಞದಲ್ಲಿಯಾದರೂ ಪಶುವಿಗೆ ಪ್ರೋಕ್ಷಣೆಯಾಗುವವರೆಗೆ ಅವಕಾಶವಿರುತ್ತಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ಯಜಮಾನನ ಕ್ಷಮೆಗೆ ಎಲ್ಲೆಯಿಲ್ಲವೆಂದು ತಿಳಿಯಕೂಡದು. ತ್ವಷ್ಟೃವಿನ ಕಥೆಯನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಇಂದ್ರನನ್ನು ಕೊಲ್ಲುವ ಮಗನು ಬೇಕೆಂದು ಹೋಮಮಾಡುವಾಗ ‘ಇಂದ್ರಶತ್ರು’ ಎಂಬ ಪದದ ಸ್ವರವು ತಪ್ಪಿತು. ‘ಇಂದ್ರನ ಘಾತುಕ’ ಎಂದಾಗಬೇಕಾದ ತತ್ಪುರುಷವು ‘ಇಂದ್ರನೇ ಘಾತುಕನಾಗಿ ಉಳ್ಳವನು’ ಎಂಬ ಬಹುವ್ರೀಹಿಯಾಯಿತು. ವೃತ್ರನು ಇಂದ್ರನ ಕೈಯಿಂದ ಹತನಾದನು. ವ್ಯಾಕರಣದ ಅಗತ್ಯವನ್ನು ತೋರಿಸಲು ಪತಂಜಲಿಯು ಇದನ್ನು ಉದಾಹರಿಸಿದನು. ಧರ್ಮವಿಚಾರ ಮಾಡುವವನು ಇದರಲ್ಲಿ ಬೇರೊಂದನ್ನು ಕಾಣಬೇಕು: ಸ್ವರವನ್ನು ತಪ್ಪಿದವನೊಬ್ಬನು, ಸತ್ತವನಿನ್ನೊಬ್ಬನು. ಔಷಧದ ಸೀಸೆಯನ್ನು ಬದಲಾಯಿಸಿ ಕೊಟ್ಟ ಪರಿಚಾರಕನನ್ನು ಹಿರಿಯ ವೈದ್ಯರು ‘ಪರವಾಗಿಲ್ಲ’ ಎಂದು ಸಂತೈಸುವುದು ಸುಲಭ. ಆದರೆ ಹಾನಿಯಾದುದು ವೈದ್ಯರಿಗಲ್ಲ, ಹಾಸಿಗೆಯ ಮೇಲಿರುವ ರೋಗಿಗೆ. ಪರರಿಗೆ ಸಲ್ಲಬೇಕಾದ ಸಾಲವನ್ನು ಮನ್ನಾ ಮಾಡುವ ಅಧಿಕಾರವು ಇವರಿಗೆ ಎಲ್ಲಿಂದ ಬಂದಿತು? ಯಜಮಾನನು ತನಗಾದ ನಷ್ಟವನ್ನೂ ತನಗಾದ ಮುಖಭಂಗವನ್ನೂ ಕ್ಷಮಿಸಲು ಸ್ವತಂತ್ರನು. ಅನ್ಯರಿಗಾದುದನ್ನು ಕ್ಷಮಿಸಲು ಅಸ್ವತಂತ್ರನು. ಅಲ್ಲಿ ಮೊದಲು ರೋಗಿಯ ಮನೆಯವರ ಮುಂದೆ ಕುಳಿತು ನಡೆದುದನ್ನು ನಡೆದಂತೆ ಹೇಳಬೇಕು, ತೆರತಕ್ಕುದನ್ನು ತೆರಬೇಕು. ಪರಿಚಾರಕನನ್ನು ರಕ್ಷಿಸುವ ನೆಪದಲ್ಲಿ ಸತ್ಯವನ್ನು ಮುಚ್ಚಿಟ್ಟರೆ ಪ್ರಮಾದವು ಆ ಗಳಿಗೆಯಲ್ಲಿಯೇ ದ್ರೋಹವಾಗಿ ಮಾರ್ಪಡುತ್ತದೆ, ಮತ್ತು ಆ ದ್ರೋಹಕ್ಕೆ ಕರ್ತೃವು ಯಜಮಾನನೇ, ಪ್ರಯೋಜಕನಾಗಿ ಅಲ್ಲ, ಸಾಕ್ಷಾತ್ತಾಗಿ. ತಪ್ಪಿದ ಪರಿಚಾರಕನೂ, ತಪ್ಪಿ ಮುಚ್ಚಿಟ್ಟ ಪರಿಚಾರಕನೂ ಹಾಗೆಯೇ ಬೇರೆ ಬೇರೆ. ಎರಡನೆಯವನನ್ನು ಉಳಿಸಿಕೊಳ್ಳುವ ದಯೆಯು ನಾಳೆ ಬರುವ ರೋಗಿಗಳ ಮೇಲೆ ನಿರ್ದಯೆ.

ಕೊನೆಯಲ್ಲಿ ಉಳಿಯುವುದು ತಪ್ಪಿದವನ ಮುಂದಿನ ಗತಿ. ಅಜ್ಞಾನದಿಂದ ತಪ್ಪಿದವನಿಗೆ ಕಲಿಸಬೇಕು, ಆಲಸ್ಯದಿಂದ ತಪ್ಪಿದವನನ್ನು ಎಚ್ಚರಿಸಬೇಕು ಎಂಬುದರಲ್ಲಿ ವಿವಾದವಿಲ್ಲ. ಆದರೆ ಎಷ್ಟೋ ಕಡೆ ಬೈಗುಳಿಲ್ಲದ, ದಂಡವಿಲ್ಲದ ಒಂದು ಶಿಕ್ಷೆಯು ನಡೆಯುತ್ತಿರುತ್ತದೆ. ತಪ್ಪಿದವನಿಗೆ ಯಾರೂ ಏನೂ ಅನ್ನುವುದಿಲ್ಲ. ಅವನ ಮೇಜಿಗೆ ಕಡತಗಳು ಬರುವುದು ಮಾತ್ರ ನಿಂತುಹೋಗುತ್ತದೆ. ಸಂಬಳವು ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಅವನು ಹತ್ತು ಗಂಟೆಗೆ ಬಂದು, ಬರಿದಾದ ಮೇಜಿನ ಮುಂದೆ ಕುಳಿತು, ಐದು ಗಂಟೆಗೆ ಎದ್ದುಹೋಗುತ್ತಾನೆ. ಇದನ್ನು ಮಾಡುವ ಯಜಮಾನರು ತಮ್ಮನ್ನು ಸೌಮ್ಯರೆಂದು ತಿಳಿದಿರುತ್ತಾರೆ. ಪ್ರೇರಣೆಯನ್ನು ನಿಲ್ಲಿಸಿದ ಮೇಲೆ ಕರ್ತೃವೇ ಇಲ್ಲದಂತಾಯಿತು. ಔಶನಸರ ಇಪ್ಪತ್ತುಮಡಿ ದಂಡವೂ ಇದಕ್ಕಿಂತ ಹಗುರವಾದುದು.

ಶ್ರೀಹರಿಕೋಟೆಯಲ್ಲಿ ಹಾಗಾಗಲಿಲ್ಲ. ಮೊದಲ ವಾಹನವನ್ನು ಸಮುದ್ರಪಾಲು ಮಾಡಿದ ಕೈಗಳಲ್ಲಿಯೇ ಎರಡನೆಯದನ್ನು ಇಟ್ಟರು, ಅದೇ ನಿರ್ದೇಶಕರ ಕೆಳಗೆ. ಹನ್ನೊಂದು ತಿಂಗಳು ಕಳೆದು ಅದು ಫಲಿಸಿತು. ಹಾಗೆಂದು ವಿಶ್ವಾಸವಿಟ್ಟವರಿಗೆಲ್ಲ ಜಯವು ಕಟ್ಟಿಟ್ಟ ಬುತ್ತಿಯೆಂದೂ ಅಲ್ಲ. 1981ರ ಮೇ 31ರಂದು ಹಾರಿದ ಮೂರನೆಯ ಎಸ್.ಎಲ್.ವಿ. ಉಪಗ್ರಹವನ್ನು ಉದ್ದೇಶಿಸಿದುದಕ್ಕಿಂತ ಕೆಳಗಿನ ಕಕ್ಷೆಯಲ್ಲಿ ಬಿಟ್ಟಿತು. ಅದು ಒಂಬತ್ತೇ ದಿನಗಳಲ್ಲಿ ವಾಯುಮಂಡಲಕ್ಕೆ ಬಿದ್ದು ನಾಶವಾಯಿತು. ಸತೀಶ ಧವನರು ಆಗಲೂ ಅಧ್ಯಕ್ಷರಾಗಿದ್ದರು. ನಾಲ್ಕನೆಯದು 1983ರ ಏಪ್ರಿಲ್ 17ರಂದು ಹಾರಿ, ತನ್ನ ಉಪಗ್ರಹವನ್ನು ಕಕ್ಷೆಯಲ್ಲಿಟ್ಟಿತು.